ಏಳು ಬಿಡುಗಡೆ ಪತ್ರ: ಕಬ್ಬಿನ ಗ್ಯಾಂಗೊಂದರ ಕಡತ ದಿಲ್ಲಿಗೆ ಹೋಗಿ ಬಂದ ದಾರಿ

ವಿಜಯಪುರ ಜಿಲ್ಲೆಯ ಭೀಮಾ ದಂಡೆಯ ಊರಿನಿಂದ ಬಾಗಲಕೋಟೆ ಜಿಲ್ಲೆಯ ಕೃಷ್ಣಾ ದಂಡೆಗೆ ಕಬ್ಬು ಕಡಿಯಲು ಹೋಗಿ ಜೀತಕ್ಕೆ ಸಿಕ್ಕಿಕೊಂಡ ಒಂದು ಗ್ಯಾಂಗಿನ ಪ್ರಕರಣವಿದು. ಊರು, ಕಾರ್ಖಾನೆ, ಟ್ರ್ಯಾಕ್ಟರ್ ಮಾಲಕ, ಅಧಿಕಾರಿಗಳು ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಕಾನೂನಿನ ಕಲಂ, ಯೋಜನೆಯ ಮೊತ್ತ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಾರ್ಯವಿಧಾನ ಮಾತ್ರ ಇದ್ದದ್ದು ಇದ್ದ ಹಾಗೆ.

ಮುಂಗಡ ಇಳಿದು ಬರುವ ಮೆಟ್ಟಿಲು

2024ರ ದೀಪಾವಳಿ ಮುಗಿದ ವಾರ 6 ಜೋಡಿ ಮತ್ತು ಒಂದು ‘ಅರ್ಧ ಕೊಯ್ತಾ’ ಟ್ರ್ಯಾಕ್ಟರ್ ಹತ್ತಿದವು. ಈ ಭಾಗದಲ್ಲಿ ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿಯಷ್ಟೇ ಅಲ್ಲ. ಗಂಡ ಕಡಿಯಬೇಕು, ಹೆಂಡತಿ ರವದಿ, ಅಂದರೆ ಒಣ ಎಲೆ, ಸುಲಿದು ಹೊರೆ ಕಟ್ಟಿ ಹೊರಬೇಕು. ಇಬ್ಬರೂ ಸೇರಿದರೆ ಒಂದು ಕೊಯ್ತಾ. ಒಬ್ಬರೇ ಬಂದರೆ ಅರ್ಧ. ಈ ಗ್ಯಾಂಗಿನ ಅರ್ಧ ಕೊಯ್ತಾ 16 ವರ್ಷದ ಹುಡುಗಿ. ತಂದೆತಾಯಿಯ ಮುಂಗಡದ ಭಾರ ಹಗುರಾಗಲಿ ಎಂದು ಒಂಬತ್ತನೇ ತರಗತಿ ಮುಗಿಸಿ ಹೊರಟವಳು. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಹಣ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕಾರ್ಖಾನೆ ಟ್ರ್ಯಾಕ್ಟರ್ ಮಾಲಕನಿಗೆ ಕೊಡುತ್ತದೆ, ಮಾಲಕ ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನಿಗೆ, ಮುಕಾದಮ ಜೋಡಿಗಳಿಗೆ. ಕಾರ್ಖಾನೆಗೆ ಉತ್ತರ ಕೊಡಬೇಕಾದವನು ಮಾಲಕ. ಮುಂಗಡ ತೆಗೆದುಕೊಂಡ ಗ್ಯಾಂಗ್ ರಾತ್ರೋರಾತ್ರಿ ಬೇರೆಯವರ ಟ್ರ್ಯಾಕ್ಟರ್ ಹತ್ತಿ ಹೋಗಿ, ಕೊಟ್ಟವನು ಹೊಲ ಮಾರಿದ ಉದಾಹರಣೆಗಳು ಈ ಭಾಗದಲ್ಲಿ ಇವೆ. ಮಾಲಕರ ಸಿಟ್ಟಿಗೆ ಕಾರಣವೇ ಇಲ್ಲವೆಂದರೆ ಅದು ಸುಳ್ಳು. ಸ್ಥಳೀಯ ಅಧಿಕಾರಿಗಳಿಗೆ ಮೊದಲು ಕಾಣುವುದೂ ಈ ಮುಖವೇ. ಆದರೆ ಹಣ ವಸೂಲಿಗೆ ದಾರಿ ಕೋರ್ಟು. ಮನುಷ್ಯರನ್ನು ಒತ್ತೆ ಇಟ್ಟುಕೊಳ್ಳುವುದು ಆ ದಾರಿ ಅಲ್ಲ.

ಇಲ್ಲಿ ಜೋಡಿಗೆ 60,000 ರೂಪಾಯಿ ಮುಂಗಡ. ಮುಕಾದಮನಿಂದ 100 ರೂಪಾಯಿ ಛಾಪಾ ಕಾಗದದ ಮೇಲೆ ಬಾಂಡ್, ಪ್ರತಿ ಗಂಡಸಿನಿಂದ ಸಹಿ ಮಾಡಿದ ಒಂದೊಂದು ಖಾಲಿ ಚೆಕ್. ಬಾಂಡಿನ ಮೂರನೇ ಸಾಲು: ‘ಮುಂಗಡ ತೀರುವವರೆಗೆ ಬೇರೆ ಯಾರಲ್ಲಿಯೂ ದುಡಿಯುವುದಿಲ್ಲ.’

ವಹಿ ಹೇಳಿದ ಲೆಕ್ಕ

ಮುಕಾದಮನಿಗೆ ಓದುಬರಹ ಅಷ್ಟಕ್ಕಷ್ಟೇ. ಹೀಗಾಗಿ ಗ್ಯಾಂಗಿನ ವಹಿ ಬರೆಯುವ ಕೆಲಸ ಆ ಹುಡುಗಿಯ ಪಾಲಿಗೆ ಬಂತು. 200 ಪುಟದ ಶಾಲೆಯ ನೋಟುಬುಕ್ಕು. ತಾರೀಖು, ಟ್ರಿಪ್, ಟನ್, ಖರ್ಚಿ, ಖಾಡಾ ಎಂದು ಐದು ಮನೆ. ಖರ್ಚಿ ಅಂದರೆ ವಾರದ ಸಂತೆಗೆ ಕೊಡುವ ಹಣ. ಖಾಡಾ ಅಂದರೆ ಒಂದು ದಿನ ಕೆಲಸ ತಪ್ಪಿದರೆ ಬೀಳುವ ದಂಡ.

ಫೆಬ್ರವರಿ ಕೊನೆಗೆ, ಅಂದರೆ 110 ದಿನಕ್ಕೆ, ಒಂದು ಜೋಡಿಯ ಲೆಕ್ಕ ಹೀಗಿತ್ತು. ದುಡಿದದ್ದು 96 ದಿನ, ಕಡಿದದ್ದು 132 ಟನ್. ಮುಕಾದಮನ ಕಮಿಷನ್ ಹೋಗಿ ಟನ್ನಿಗೆ 300ರಂತೆ 39,600 ರೂಪಾಯಿ ದುಡಿಮೆ. ಇದರ ಎದುರು ಮುಂಗಡ 60,000, ಖರ್ಚಿ 15,000, ತಪ್ಪಿದ 14 ದಿನಕ್ಕೆ 500ರಂತೆ ಖಾಡಾ 7,000, ಒಟ್ಟು 82,000. ಬಾಕಿ 42,400. ಮೂರೂವರೆ ತಿಂಗಳು ಬೆಳಗಿನ ನಾಲ್ಕಕ್ಕೆ ಎದ್ದು ಕಡಿದ ಮೇಲೂ ಮುಂಗಡದಲ್ಲಿ ತೀರಿದ್ದು 17,600 ಮಾತ್ರ.

ಇದೇ ಲೆಕ್ಕವನ್ನು ಬೇರೆ ರೀತಿ ಮಾಡಬೇಕು. 39,600ನ್ನು 96 ದಿನಕ್ಕೆ, ಇಬ್ಬರಿಗೆ ಹಂಚಿದರೆ ತಲೆಗೆ ದಿನಕ್ಕೆ 206 ರೂಪಾಯಿ ಚಿಲ್ಲರೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿಯೇ 349 ಇತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ‘ನಾಮಮಾತ್ರ ಕೂಲಿ’ ಎನ್ನುವುದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆಯಾದದ್ದನ್ನು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಹೇಳಿಯಾಗಿದೆ. ಸರಪಳಿ, ಬೀಗ, ಹೊಡೆತ ಇದ್ದರಷ್ಟೇ ಜೀತ ಎಂಬ ತಿಳಿವಳಿಕೆ ತಪ್ಪು. ಮುಂಗಡದ ಜೊತೆಗೆ ನಾಮಮಾತ್ರ ಕೂಲಿ, ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಇಲ್ಲದಿರುವುದು, ಓಡಾಡುವ ಸ್ವಾತಂತ್ರ್ಯ ಇಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ಸಾಕು.

ಆದರೆ ದೂರು ಹುಟ್ಟಿದ್ದು ಲೆಕ್ಕದಿಂದಲ್ಲ. ಜನವರಿಯಲ್ಲಿ ಗ್ಯಾಂಗಿನ ಒಬ್ಬ ಹೆಣ್ಣುಮಗಳ ತಾಯಿ ಊರಲ್ಲಿ ತೀರಿಕೊಂಡಳು. ಮಣ್ಣಿಗೆ ಹೋಗಲು ಕೇಳಿದರೆ ‘ಹಂಗಾಮು ಮುಗೀಲಿ’ ಎಂಬ ಉತ್ತರ. ಗಂಡ ಹೆಂಡತಿ ನಸುಕಿನಲ್ಲಿ ನಡೆದುಕೊಂಡೇ ಬಸ್ ನಿಲ್ದಾಣ ಮುಟ್ಟಿದರು. ಮೊದಲ ಬಸ್ಸು ಬರುವ ಮುಂಚೆ ಎರಡು ಬೈಕು ಬಂದವು. ವಾಪಸ್ ಕರೆತಂದ ದಿನವೇ ಗ್ಯಾಂಗಿನ ಎಲ್ಲರ ಮೊಬೈಲು ಮಾಲಕನ ಮನೆಯ ಕಪಾಟು ಸೇರಿದವು. ಅಕ್ಕ ಮಣ್ಣಿಗೂ ಬರಲಿಲ್ಲ, ಫೋನೂ ಹತ್ತುತ್ತಿಲ್ಲ ಎಂದಾಗ ಊರಲ್ಲಿದ್ದ ತಮ್ಮನಿಗೆ ಸಂಶಯ ಬಂತು.

ಮೊದಲ ದೂರು ಯಾಕೆ ಬಿದ್ದಿತು

ಆ ತಮ್ಮನೇ ಆನ್‌ಲೈನ್ ಕೇಂದ್ರವೊಂದರಲ್ಲಿ ಕೂತು ರಾಷ್ಟ್ರೀಯ ಆಯೋಗಕ್ಕೆ ದೂರು ಹಾಕಿಸಿದ. ಶುಲ್ಕವಿಲ್ಲ, ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಬರೆಯಬಹುದು, ಆದ್ದರಿಂದ ಕನ್ನಡಕ್ಕೆ ತಡೆಯಿಲ್ಲ. ತೊಡಕು ಇದ್ದದ್ದು ಒಕ್ಕಣೆಯಲ್ಲಿ: ‘ಟ್ರ್ಯಾಕ್ಟರ್ ಮಾಲಕರು ನಮ್ಮ ಅಕ್ಕ ಭಾವನವರ ಅಡ್ವಾನ್ಸ್ ಲೆಕ್ಕ ಸರಿಯಾಗಿ ಮಾಡುತ್ತಿಲ್ಲ. ದಯಮಾಡಿ ಲೆಕ್ಕ ಚುಕ್ತಾ ಮಾಡಿಸಿ ನ್ಯಾಯ ಕೊಡಿಸಬೇಕು.’

ಬಸ್ ನಿಲ್ದಾಣದ ಮಾತಿಲ್ಲ. ಮೊಬೈಲು ಕಸಿದದ್ದಿಲ್ಲ. 16 ವರ್ಷದ ಹುಡುಗಿ ಇಲ್ಲ. ಓದಿದವರಿಗೆ ಕಂಡದ್ದು ಇಬ್ಬರ ನಡುವಿನ ಕೊಡುಕೊಳ್ಳುವ ವ್ಯವಹಾರ. ಸಿವಿಲ್ ವ್ಯಾಜ್ಯ, ನೌಕರಿಯ ತಕರಾರು, ಅಸ್ಪಷ್ಟ ಅಥವಾ ಅನಾಮಧೇಯ ಪತ್ರ, ಒಂದು ವರ್ಷಕ್ಕಿಂತ ಹಳೆಯ ಘಟನೆ, ಇಂಥವನ್ನು ಆಯೋಗ ತನ್ನ ನಿಯಮಾವಳಿಯಂತೆ ಆರಂಭದಲ್ಲೇ ಮುಚ್ಚುತ್ತದೆ. ಇದೂ ಮುಚ್ಚಿತು.

ತಾಲೂಕಿನ ವಕೀಲರೊಬ್ಬರ ಕೈಗೆ ವಿಷಯ ಬಂದ ಮೇಲೆ ಮೊದಲು ಆದದ್ದು ಸಾಕ್ಷ್ಯ ಸಂಗ್ರಹ. ಬುತ್ತಿ ಕೊಡುವ ನೆಪದಲ್ಲಿ ತಮ್ಮನೇ ಗುಡಿಸಲಿಗೆ ಹೋಗಿ ವಹಿಯ 11 ಪುಟದ ಫೋಟೊ ತೆಗೆದುಕೊಂಡು ಬಂದ. ಬಾಂಡಿನ ನಕಲು ಮುಕಾದಮನ ಹೆಂಡತಿಯ ಟ್ರಂಕಿನಲ್ಲಿತ್ತು.

ಆಮೇಲೆ ಎಲ್ಲಿಗೆ ದೂರು ಕೊಡುವುದು ಎಂಬ ಚರ್ಚೆ. ರಾಜ್ಯ ಆಯೋಗಕ್ಕೂ ಹಾಕೋಣ, ಪರಿಶಿಷ್ಟ ಜಾತಿಗಳ ಆಯೋಗಕ್ಕೂ ಹಾಕೋಣ, ಎಲ್ಲಿಂದಾದರೂ ಬರಲಿ ಎಂಬ ಸಲಹೆ ಬಂತು. ಕೇಳಲು ಚೆಂದ. ಆದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಂ ಪ್ರಕಾರ ರಾಜ್ಯ ಆಯೋಗದ ಅಥವಾ ಕಾನೂನಿನಂತೆ ರಚನೆಯಾದ ಬೇರೆ ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಣೆ ಮಾಡುವಂತಿಲ್ಲ. ನಾಲ್ಕು ಕಡೆ ಹಾಕಿದರೆ ನಾಲ್ಕೂ ಕಡೆ ‘ಅಲ್ಲಿ ನಡೆದಿದೆ’ ಎಂಬ ಉತ್ತರ ಸಿಗುವ ಅಪಾಯವಿದೆ. ಒಂದನ್ನೇ ಆರಿಸಿಕೊಳ್ಳಬೇಕಿತ್ತು. ಜೀತದ ಕಾನೂನಿನ ಜಾರಿಯ ಮೇಲೆ ಕಣ್ಣಿಡುವ ಹೊಣೆಯನ್ನು ಸುಪ್ರೀಂ ಕೋರ್ಟ್ 1997ರಲ್ಲಿ ರಾಷ್ಟ್ರೀಯ ಆಯೋಗಕ್ಕೇ ವಹಿಸಿದೆ ಎಂಬ ಕಾರಣಕ್ಕೆ ಅಲ್ಲಿಗೇ ಹೋಗುವುದೆಂದಾಯಿತು.

ಜೊತೆಗೆ ಅದೇ ದಿನ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗೆ ನೇರ ಅರ್ಜಿ. ಇವರು ಆಯೋಗವಲ್ಲ, ಜೀತ ಕಾಯ್ದೆ ಜಾರಿ ಮಾಡಬೇಕಾದವರೇ ಇವರು. 36ನೇ ಕಲಂ ಇಲ್ಲಿ ಅಡ್ಡ ಬರುವುದಿಲ್ಲ. ಬಿಡುಗಡೆ ಮಾಡುವ ಅಧಿಕಾರ ಆಯೋಗಕ್ಕಿಲ್ಲ, ಅದು ಶಿಫಾರಸು ಮಾಡುವ ಸಂಸ್ಥೆ. ದಿಲ್ಲಿಯಿಂದ ಯಾರೋ ಬಂದು ಬಿಡಿಸುತ್ತಾರೆಂದು ಕಾಯುತ್ತ ಕೂತವರು ಹಂಗಾಮು ಕಳೆದುಕೊಳ್ಳುತ್ತಾರೆ.

ಎರಡನೇ ದೂರು ಎರಡು ಪುಟ. ಹಳೆಯ ದೂರಿನ ಸಂಖ್ಯೆಯನ್ನು ಮುಚ್ಚಿಡದೆ ಮೊದಲ ಸಾಲಿನಲ್ಲೇ ಹೇಳಿ, ಈಗ ಬಂದಿರುವ ಹೊಸ ಸಂಗತಿ ಏನೆಂದು ಬರೆಯಲಾಯಿತು. 13 ಜನರ ಹೆಸರು, ವಯಸ್ಸು, ಜಾತಿ, ಊರು; ಗುಡಿಸಲು ಇರುವ ಜಾಗದ ಗುರುತು, ಹತ್ತಿರದ ಕಾಲುವೆಯ ಗೇಟು, ಗೂಗಲ್ ಮ್ಯಾಪಿನ ಬಿಂದು; ಬಸ್ ನಿಲ್ದಾಣದ ಘಟನೆಯ ದಿನ, ಹೊತ್ತು; ಮೇಲಿನ ಲೆಕ್ಕ; ಬಾಂಡಿನ ಮೂರನೇ ಸಾಲು. ‘ನ್ಯಾಯ ಕೊಡಿಸಿ’ ಎಂಬುದರ ಬದಲು ಬೇಡಿಕೆ: ಕಾಯ್ದೆಯಂತೆ ವಿಚಾರಣೆ, ಜೀತದಿಂದ ಬಿಡಿಸಲಾಗಿದೆ ಎಂದು ಹೇಳುವ ಬಿಡುಗಡೆ ಪತ್ರ, ತಕ್ಷಣದ ನೆರವು, ಎಫ್‌ಐಆರ್. ಪತ್ರವ್ಯವಹಾರಕ್ಕೆ ವಕೀಲರ ಕಚೇರಿಯ ವಿಳಾಸ. ಯಾಕೆಂದರೆ ತಮ್ಮನೂ ಗೋವಾಕ್ಕೆ ದುಡಿಯಲು ಹೊರಟಿದ್ದ. ಮನೆಗೆ ಬಂದ ಪತ್ರ ಮಾಡಿನ ಸಂದಿಯಲ್ಲೇ ಉಳಿಯುತ್ತಿತ್ತು.

‘ಖುಷಿಲೇ ಅದೀವ್ರಿ’

ಮಾರ್ಚ್ ಮೊದಲ ವಾರ ತಹಶೀಲ್ದಾರ್ ಕಚೇರಿಯ ಮತ್ತು ಕಾರ್ಮಿಕ ಇಲಾಖೆಯ ಸಿಬ್ಬಂದಿ ಸ್ಥಳಕ್ಕೆ ಹೋದರು. ಗುಡಿಸಲು ತೋರಿಸಲು ಕರೆದುಕೊಂಡು ಹೋದವನು ಟ್ರ್ಯಾಕ್ಟರ್ ಮಾಲಕನ ತಮ್ಮ. ಪಂಚನಾಮೆ ಬರೆದದ್ದು ಮಾಲಕನ ಅಂಗಳದಲ್ಲಿ, ಚಹಾ ಕುಡಿಯುತ್ತ. ಸಾಲಾಗಿ ನಿಲ್ಲಿಸಿ ಕೇಳಿದ ಪ್ರಶ್ನೆ ಒಂದೇ: ‘ನಿಮ್ಮನ್ನ ಯಾರರ ಕಟ್ಟಿ ಹಾಕ್ಯಾರೇನು?’ ಉತ್ತರವೂ ಒಂದೇ: ‘ಇಲ್ರಿ ಸಾಹೇಬ್ರ, ಖುಷಿಲೇ ಅದೀವ್ರಿ.’ ಹೆಂಗಸರನ್ನು ಕೇಳಲೇ ಇಲ್ಲ. ವರದಿ ಒಂದು ಪುಟ: ಜೀತ ಕಂಡುಬಂದಿಲ್ಲ, ಮುಂಗಡದ ವ್ಯವಹಾರವಷ್ಟೇ.

ಇದು ಯಾರದೋ ಒಬ್ಬರ ದುರುದ್ದೇಶ ಎನ್ನುವುದಕ್ಕಿಂತ ರೂಢಿಯ ತಪ್ಪು. ಜೀತ ಕಾಯ್ದೆಯ 15ನೇ ಕಲಂ ಪ್ರಕಾರ ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಅಂಗಳದಲ್ಲಿ ನಡೆದದ್ದು ಅದರ ತದ್ವಿರುದ್ಧ. ರಾತ್ರಿ ಅದೇ ಗುಡಿಸಲಿಗೆ ಮರಳಬೇಕಾದವನು ಮಾಲಕನ ಎದುರು ಬೇರೆ ಏನು ಹೇಳಲು ಸಾಧ್ಯ?

ಮಾರ್ಚ್ ನಡುವೆ ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿತು. ಮುಕಾದಮ ಮತ್ತು ಇನ್ನೆರಡು ಜೋಡಿಗೆ ಊರಿಗೆ ಹೋಗಲು ಬಿಟ್ಟರು, ಬಾಕಿ ಹೊಂದಿಸಿಕೊಂಡು ಬರಬೇಕೆಂಬ ಮಾತಿನ ಮೇಲೆ. ಉಳಿದ ಮೂರು ಜೋಡಿ, ಆ ಹುಡುಗಿ ಮತ್ತು ಎರಡು ಸಣ್ಣ ಮಕ್ಕಳು ಮಾಲಕನ ಹೊಲದಲ್ಲೇ ಉಳಿದರು: ಅರಿಷಿಣ ಕೀಳಲು, ಕುದಿಸಲು, ಹೊಸ ಕಬ್ಬಿಗೆ ಕಳೆ ತೆಗೆಯಲು. ಅಲ್ಲಿಯವರೆಗೆ ‘ಹಂಗಾಮಿನ ಕರಾರು’ ಎಂಬ ನೆಪವಾದರೂ ಇತ್ತು. ಹಂಗಾಮು ಮುಗಿದ ಮೇಲೆ ಅದೂ ಉಳಿಯಲಿಲ್ಲ. ಈ ಬದಲಾವಣೆಯನ್ನು ಅದೇ ವಾರ ಇ–ಮೇಲ್ ಮೂಲಕ ಆಯೋಗದ ಕಡತಕ್ಕೆ ಸೇರಿಸಿದ್ದು ಸಣ್ಣ ಕೆಲಸ. ಮುಂದೆ ಮರುವಿಚಾರಣೆಗೆ ಆಧಾರವಾದದ್ದು ಅದೇ.

ಅಭಿಪ್ರಾಯ ಕೇಳಿದ ಪತ್ರ

ಎರಡನೇ ದೂರಿನ ಮೇಲೆ ಆಯೋಗ ಜಿಲ್ಲಾಧಿಕಾರಿಯಿಂದ ವರದಿ ಕೇಳಿತ್ತು. ಹೋದದ್ದು ಅಂಗಳದ ಪಂಚನಾಮೆ. ಆಯೋಗ ಅದರ ಪ್ರತಿಯನ್ನು ದೂರುದಾರನಿಗೆ ಕಳಿಸಿ ಅಭಿಪ್ರಾಯ ಕೇಳಿತು. ಬಹಳ ಪ್ರಕರಣಗಳು ಸಾಯುವುದು ಈ ಹಂತದಲ್ಲಿ. ಪತ್ರ ಕೈಸೇರುವುದಿಲ್ಲ, ಸೇರಿದರೂ ‘ಸರ್ಕಾರದ ವರದಿ ಬಂತು, ಮುಗೀತು’ ಎಂದುಕೊಳ್ಳುತ್ತಾರೆ. ಗಡುವಿನೊಳಗೆ ಉತ್ತರ ಹೋಗದಿದ್ದರೆ ಹೇಳುವುದೇನೂ ಇಲ್ಲವೆಂದು ತಿಳಿದು ಕಡತ ಮುಚ್ಚಲಾಗುತ್ತದೆ.

ಒಂಬತ್ತನೇ ದಿನ ಉತ್ತರ ಹೋಯಿತು. ವರದಿ ಬರೆದವರ ಮೇಲೆ ಆರೋಪ ಹೊರಿಸುವ ಒಂದು ಕರಡೂ ತಯಾರಾಗಿತ್ತು. ಅದನ್ನು ಬದಿಗಿಟ್ಟದ್ದು ಒಳ್ಳೆಯದಾಯಿತು, ಮರುವಿಚಾರಣೆ ಮಾಡಬೇಕಾದವರೂ ಅದೇ ಆಡಳಿತದವರು. ಕಳಿಸಿದ ಉತ್ತರದಲ್ಲಿದ್ದದ್ದು ವರದಿಯಲ್ಲಿ ಇಲ್ಲದಿರುವ ಸಂಗತಿಗಳ ಪಟ್ಟಿ ಮಾತ್ರ: ವಹಿ ನೋಡಿದ ಉಲ್ಲೇಖವಿಲ್ಲ, ಕೂಲಿಯ ಲೆಕ್ಕವಿಲ್ಲ, ಆರು ಹೆಂಗಸರಲ್ಲಿ ಒಬ್ಬರ ಹೇಳಿಕೆಯೂ ಇಲ್ಲ, ಬಾಲಕಿಯ ವಯಸ್ಸಿನ ಪರಿಶೀಲನೆ ಇಲ್ಲ, ಹೇಳಿಕೆ ಪಡೆದ ಸ್ಥಳ ಯಾವುದೆಂದಿಲ್ಲ. ಕೊನೆಗೆ ಒಂದು ಕೋರಿಕೆ: ಉಪವಿಭಾಗಾಧಿಕಾರಿ ಸ್ವತಃ, ಮಾಲಕನ ಗೈರುಹಾಜರಿಯಲ್ಲಿ, ಬೇರೆ ಸ್ಥಳದಲ್ಲಿ ವಿಚಾರಣೆ ಮಾಡಬೇಕು.

ಆಯೋಗ ಮರುವಿಚಾರಣೆಗೆ ಹೇಳಿತು. ಮೇ ತಿಂಗಳಲ್ಲಿ ಉಪವಿಭಾಗಾಧಿಕಾರಿ ಮುಂಚಿತವಾಗಿ ಯಾರಿಗೂ ತಿಳಿಸದೆ ಬಂದರು. ಎಲ್ಲರನ್ನೂ ವಾಹನದಲ್ಲಿ ತಾಲೂಕು ಕೇಂದ್ರದ ಸರ್ಕಾರಿ ವಸತಿ ನಿಲಯಕ್ಕೆ ಕರೆದೊಯ್ದರು. ಮೊದಲು ಊಟ. ಆಮೇಲೆ ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಹೆಂಗಸರನ್ನು ಮಾತಾಡಿಸಿದ್ದು ಮಹಿಳಾ ಅಧಿಕಾರಿ. ‘ಕಟ್ಟಿ ಹಾಕ್ಯಾರೇನು’ ಎಂಬ ಪ್ರಶ್ನೆ ಈ ಸಲ ಇರಲಿಲ್ಲ. ಕೊನೆಯ ಸಲ ಊರಿಗೆ ಹೋದದ್ದು ಯಾವಾಗ? ನಿಮ್ಮ ಮೊಬೈಲು ಎಲ್ಲಿದೆ? ನಾಳೆ ಹೋಗಬೇಕೆಂದರೆ ಯಾರನ್ನು ಕೇಳಬೇಕು? ಪೂರ್ತಿ ದುಡ್ಡು ಕೈಗೆ ಬಂದದ್ದು ಎಂದು? ಎರಡನೇ ಪ್ರಶ್ನೆಗೇ ಗಂಟು ಬಿಚ್ಚಿತು. ಮೊಬೈಲುಗಳು ಆಗಲೂ ಕಪಾಟಿನಲ್ಲೇ ಇದ್ದವು, ಪಂಚನಾಮೆ ಮಾಡಿ ತೆಗೆಯಲಾಯಿತು.

ಮೂರೋ, ಏಳೋ

ಬಿಡುಗಡೆ ಪತ್ರದ ಕರಡು ಬಂದಾಗ ಅದರಲ್ಲಿದ್ದದ್ದು ಮೂರು ಹೆಸರು, ಮೂರೂ ಗಂಡಸರದು: ‘ಕುಟುಂಬದ ಯಜಮಾನ ಮತ್ತು ಅವಲಂಬಿತರು.’ ಪಡಿತರ ಚೀಟಿಯ ಅಭ್ಯಾಸ ಇಲ್ಲಿಗೂ ಬಂದಿತ್ತು. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾಗಬಹುದಾಗಿದ್ದ ತಪ್ಪು ಇದು.

ಕೇಂದ್ರದ ಪುನರ್ವಸತಿ ಯೋಜನೆ ಕುಟುಂಬವನ್ನಲ್ಲ, ದುಡಿದ ವ್ಯಕ್ತಿಯನ್ನು ಎಣಿಸುತ್ತದೆ. ವಯಸ್ಕ ಗಂಡಸಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಮಾನವ ಸಾಗಣೆಯಂಥ ತೀವ್ರ ಪ್ರಕರಣಗಳಿಗೆ ಮತ್ತು ಅಂಗವಿಕಲರಿಗೆ 3 ಲಕ್ಷ. ಅದಲ್ಲದೆ ಬಿಡುಗಡೆಯಾದ ಕೂಡಲೇ ಒಬ್ಬೊಬ್ಬರಿಗೆ 30,000ದವರೆಗೆ ತಕ್ಷಣದ ನೆರವು. ಮೂರು ಪತ್ರವಾದರೆ ಒಟ್ಟು ಅರ್ಹತೆ 3 ಲಕ್ಷ. ಮೂವರು ಗಂಡಸರು, ಮೂವರು ಹೆಂಗಸರು, ಒಬ್ಬ ಹುಡುಗಿ ಎಂದು ಏಳು ಪತ್ರವಾದರೆ 11 ಲಕ್ಷ.

ಹೆಂಗಸರು ದುಡಿದರು ಎನ್ನಲು ಕೊಯ್ತಾದ ಅರ್ಥವೇ ಸಾಕ್ಷಿ: ಹೆಂಡತಿ ಇಲ್ಲದೆ ಪೂರ್ತಿ ಮುಂಗಡ ಸಿಗುವುದಿಲ್ಲ. ಹುಡುಗಿಯದು ಮಾತ್ರ ಎಳೆದಾಡಿತು. ‘ರಜೆಗೆ ಬಂದಿದ್ದಳು’ ಎಂದು ಮಾಲಕನ ಕಡೆಯವರ ವಾದ. ವಹಿಯಲ್ಲಿ ಅವಳದೇ ಅಕ್ಷರದಲ್ಲಿ, ಅವಳದೇ ಹೆಸರಿನ ಮುಂದೆ ‘ಅರ್ಧ ಕೊಯ್ತಾ’ ಎಂದಿತ್ತು. ಕೆಳಗೆ ಜ್ವರ ಬಂದ ಮೂರು ದಿನದ ಖಾಡಾ 750. ರಜೆಗೆ ಬಂದವಳಿಗೆ ಯಾರೂ ದಂಡ ಹಾಕುವುದಿಲ್ಲ. ಶಾಲೆಯ ದಾಖಲೆಯಿಂದ ವಯಸ್ಸು ಖಚಿತವಾಯಿತು. ಏಳು ಪತ್ರಗಳಿಗೆ ಸಹಿ ಬಿತ್ತು.

ಎಫ್‌ಐಆರ್‌ನಲ್ಲಿ ಜೀತ ಕಾಯ್ದೆಯ ಕಲಂಗಳ ಜೊತೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ, ಅಕ್ರಮ ಬಂಧನ, ಸೇರಿತು. ಎರಡು ಕುಟುಂಬ ಪರಿಶಿಷ್ಟ ಜಾತಿಯವು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜೀತಕ್ಕೇ ಮೀಸಲಾದ 3(1)(ಎಚ್) ಕಲಂ ಮೊದಲು ಬಿಟ್ಟುಹೋಗಿತ್ತು, ಲಿಖಿತ ಮನವಿಯ ಮೇಲೆ ಸೇರಿಸಿದರು. ದೂರಿನಲ್ಲಿ ಜಾತಿ ಬರೆದಿದ್ದು ಇದಕ್ಕೇ.

ಎರಡು ಜಿಲ್ಲೆಗಳ ನಡುವೆ

ತಕ್ಷಣದ ನೆರವು ಅಂದ ಮೇಲೆ ತಕ್ಷಣ ಸಿಗಬೇಕು. ಇದಕ್ಕೆಂದೇ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷದ ಪುನರ್ವಸತಿ ನಿಧಿ ಇರಬೇಕೆಂದು ಯೋಜನೆ ಹೇಳುತ್ತದೆ. ಬಿಡುಗಡೆ ಮಾಡಿದ ಜಿಲ್ಲೆ ‘ಅವರು ವಿಜಯಪುರದವರು’ ಎಂದಿತು, ಊರಿನ ಜಿಲ್ಲೆ ‘ಬಿಡಿಸಿದವರು ಕೊಡಲಿ’ ಎಂದಿತು. ಕೂಲಿಯವರು ಬಸ್ಸಿನ ಖರ್ಚಿಗೆ ಸಾಲ ಮಾಡಿ ಎರಡು ಸಲ ಓಡಾಡಿದರು.

ಆಯೋಗದ ಕಡತ ತೆರೆದೇ ಇದ್ದದ್ದು ಈಗ ಫಲ ಕೊಟ್ಟಿತು. ಎರಡೂ ಜಿಲ್ಲೆಗಳ ಪತ್ರಗಳನ್ನು ಜೋಡಿಸಿ ಕಳಿಸಲಾಯಿತು. ನೆನಪೋಲೆಗಳಿಗೆ ಉತ್ತರ ಬರದಿದ್ದಾಗ, 1993ರ ಕಾಯ್ದೆಯ 13ನೇ ಕಲಂ ಪ್ರಕಾರ, ಗೊತ್ತಾದ ದಿನದೊಳಗೆ ವರದಿ ಬಾರದಿದ್ದರೆ ಅಧಿಕಾರಿ ಖುದ್ದಾಗಿ ಹಾಜರಾಗಬೇಕೆಂಬ ಷರತ್ತಿನ ಸಮನ್ಸ್ ಹೊರಟಿತು. ಶಿಫಾರಸಿಗೆ ಹಲ್ಲಿಲ್ಲ ಎನ್ನುವವರು ಈ ಸಿವಿಲ್ ಕೋರ್ಟಿನ ಅಧಿಕಾರವನ್ನು ಮರೆಯುತ್ತಾರೆ. ದಿಲ್ಲಿಗೆ ಹೋಗಬೇಕಾದ ದಿನಕ್ಕೆ ಆರು ದಿನ ಮೊದಲು ಏಳು ಖಾತೆಗಳಿಗೆ ತಲಾ 30,000 ಜಮೆಯಾಯಿತು. ಹೆಂಗಸರ ಹಣ ಅವರವರ ಖಾತೆಗೇ ಹೋಗುವಂತೆ ಮೊದಲೇ ಖಾತೆ ತೆರೆಸಿ ಇಟ್ಟದ್ದರಿಂದ ಗಂಡಂದಿರ ಖಾತೆಗೆ ಹೋಗಲಿಲ್ಲ. ದೊಡ್ಡ ಮೊತ್ತಕ್ಕೆ ಕ್ರಿಮಿನಲ್ ವಿಚಾರಣೆಯ ಗತಿ ನೋಡಬೇಕು, ಅದು ನಡೆದಿದೆ.

ಈ ನಡುವೆ ಇಬ್ಬರು ಗಂಡಸರಿಗೆ ಚೆಕ್ ಬೌನ್ಸಿನ ನೋಟಿಸು ಬಂತು. ಖಾಲಿ ಚೆಕ್ಕಿನಲ್ಲಿ ತಲಾ 1,20,000 ಬರೆದಿದ್ದರು. ಹೆದರಿ ರಾಜಿಗೆ ಹೋಗುವುದರಲ್ಲಿದ್ದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು 15 ದಿನದೊಳಗೆ ಉತ್ತರ ಕೊಟ್ಟರು: ಜೀತ ಕಾಯ್ದೆಯ 6ನೇ ಕಲಂ ಪ್ರಕಾರ ಜೀತದ ಸಾಲ ಅಳಿದುಹೋಗಿದೆ, ಬಿಡುಗಡೆ ಪತ್ರದ ನಕಲು ಲಗತ್ತಿಸಿದೆ. ಜೀತಕ್ಕೊಳಗಾದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ನೋಟಿಸಿನ ಜೊತೆ ಆಧಾರವೆಂದು ಮಾಲಕನೇ ಲಗತ್ತಿಸಿದ್ದ ಬಾಂಡಿನಲ್ಲಿ ಆ ಮೂರನೇ ಸಾಲು ಇತ್ತು. ಅದುವರೆಗೆ ದೂರುದಾರರ ಬಳಿ ಇದ್ದದ್ದು ಬರೀ ನಕಲು ಎಂದು ಅವರು ತಕರಾರು ತೆಗೆಯಬಹುದಿತ್ತು; ಈಗ ಅದನ್ನು ಒಪ್ಪಿಕೊಂಡವರು ಅವರೇ ಆದರು.

ಮೊದಲೇ ಊರಿಗೆ ಮರಳಿದ್ದ ಮೂರು ಜೋಡಿಗೆ ಪತ್ರ ಸಿಕ್ಕಿಲ್ಲ. ‘ತಾವಾಗಿಯೇ ಹೋಗಿದ್ದಾರೆ’ ಎಂಬುದು ಕಾರಣ. ಬಾಕಿಯ ಭಾರ ಹೊತ್ತೇ ಹೋದವರು ಬಿಡುಗಡೆಯಾದಂತೆ ಅಲ್ಲ ಎಂದು ಎರಡು ಜೋಡಿ ಅರ್ಜಿ ಹಾಕಿವೆ. ಮುಕಾದಮ ಹೇಳಿಕೆ ಕೊಡಲು ಬರಲಿಲ್ಲ. ಸಾಲಗಾರನೂ ಅವನೇ, ದುಡಿಸಿದವರ ಕೈಯಾಳೂ ಅವನೇ. ಆರೋಪಿಯಾಗುತ್ತೇನೋ ಸಾಕ್ಷಿಯಾಗುತ್ತೇನೋ ಎಂಬ ಅವನ ಅಂಜಿಕೆಗೆ ಸಮಯಕ್ಕೆ ಸರಿಯಾಗಿ ಯಾರೂ ಉತ್ತರ ಕೊಡಲಿಲ್ಲ. ನಾಲ್ವರ ಅರ್ಜಿ ಉಪವಿಭಾಗಾಧಿಕಾರಿಯ ಮುಂದಿದೆ, ಅದೇ ವಹಿಯ ಅದೇ 11 ಪುಟಗಳ ಜೊತೆಗೆ.